ಸಾವಿನ ಬಾಗಿಲಿಗೆ ಹೋಗಿ ಬಂದವರು ಹೇಳುವ ಪ್ರಳಯದ ಮಾತನ್ನ ಎಷ್ಟು ನಂಬಬೇಕು?

ನಿಮ್ಮ ಮಾವನವರಿಗೆ ಹೃದಯ ನಿಂತು, ಸಿಪಿಆರ್ ಮಾಡಿ ಉಳಿಸಿಕೊಂಡಿದ್ದಾರೆ. ಎಚ್ಚರವಾದ ಮೇಲೆ, ತೀರಿಹೋದ ಅವರ ತಾಯಿಯನ್ನ ನೋಡಿದೆ ಅಂದಿದ್ದಾರೆ. ಈಗ ದಿನವಿಡೀ "ನಾನು ಸತ್ತು ಬದುಕಿದೆ, ಪ್ರಪಂಚ ಇನ್ನು ಕೆಲವೇ ವರ್ಷ" ಅನ್ನುವವರ ವಿಡಿಯೋ ನೋಡುತ್ತಾ, ಇರುವ ಸೈಟ್ ಮಾರಿಬಿಡೋಣ ಅಂತ ಹಟ ಹಿಡಿದಿದ್ದಾರೆ. ಇದೆಲ್ಲ ನಿಜವಾ ಸುಳ್ಳಾ ಅಂತ ನಿಮ್ಮ ಪ್ರಶ್ನೆ.

ನಾನು ಹೃದ್ರೋಗದ ಐಸಿಯುನಲ್ಲಿ ನರ್ಸ್. ನನಗೆ ಕಾಣುವಂತೆ ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಮಾವನವರು ತಾವು ಕಂಡದ್ದನ್ನ ಹೇಳುತ್ತಿದ್ದಾರೆ. ವಿಡಿಯೋದವರು ಊರಿಗೆಲ್ಲ ಮುಂದೆ ಏನಾಗುತ್ತೆ ಅಂತ ಹೇಳುತ್ತಿದ್ದಾರೆ. ಮೊದಲನೆಯದನ್ನ ಗೌರವದಿಂದ ಕೇಳಿ. ಎರಡನೆಯದನ್ನ ನಂಬಿ ಒಂದು ರೂಪಾಯಿಯನ್ನೂ ಅತ್ತಿತ್ತ ಮಾಡಬೇಡಿ.

ಮಾವನವರು ಸುಳ್ಳು ಹೇಳುತ್ತಿಲ್ಲ, ತಲೆ ಕೆಟ್ಟೂ ಇಲ್ಲ. ನೆದರ್ಲೆಂಡ್ಸ್‌ನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಜೊತೆಗಾರರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೃದಯ ನಿಂತು ಉಳಿದ 344 ಜನರನ್ನ ಕೇಳಿದಾಗ 62 ಜನ ಇಂಥ ಅನುಭವ ಹೇಳಿದ್ದರು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು!

ಆದರೆ ಕಾಣುವುದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಅವರು ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ ಭಾರತದ 16 ಪ್ರಕರಣಗಳನ್ನ ವರದಿ ಮಾಡಿದರು. ಆಮೇಲೆ ನಮ್ಮ ಚನ್ನಪಟ್ಟಣದ ಸುತ್ತಲೂ ಸರ್ವೆ ಮಾಡಿದರು. ಆ 16ರಲ್ಲಿ ಹಲವರ ಕಥೆ ಹೀಗಿತ್ತು: ದೂತರು ಬಂದು ಎಳೆದುಕೊಂಡು ಹೋದರು. ಅಲ್ಲೊಬ್ಬ ಪುಸ್ತಕ ತೆರೆದು ನೋಡಿದ. "ಇವನಲ್ಲ, ತಪ್ಪಾಗಿ ತಂದಿದ್ದೀರಿ, ವಾಪಸ್ ಬಿಡಿ" ಅಂದ. ಅಮೆರಿಕದವರ ಅನುಭವದಲ್ಲಿ ಈ ಲೆಕ್ಕ ತಪ್ಪಿದ ಕಥೆ ಇಲ್ಲ. ಯಮ, ಚಿತ್ರಗುಪ್ತರ ಕಥೆ ಕೇಳಿ ಬೆಳೆದವರಿಗೆ ಅವರೇ ಕಾಣುತ್ತಾರೆ. ಅನುಭವ ನಿಜವೇ ಇರಬಹುದು, ಅದರ ಬಣ್ಣ ಮಾತ್ರ ನಮ್ಮ ಮನೆಯದು.

ಇನ್ನೊಂದನ್ನ ನಾನೇ ಕಣ್ಣಾರೆ ನೋಡಿದ್ದೇನೆ. ಒಬ್ಬರು ಎಚ್ಚರವಾದಾಗ ನನಗೆ ಹೇಳಿದ್ದು ಇಷ್ಟೇ: "ಸಿಸ್ಟರ್, ಯಾರೋ ಎದೆ ಮೇಲೆ ಕೂತಿದ್ರು. ಆಮೇಲೆ ತುಂಬಾ ಹಾಯಾಗಿತ್ತು." ಸಂಜೆ ವಿಸಿಟಿಂಗ್ ಅವರ್‌ನಲ್ಲಿ ನೆಂಟರು ಬಂದರು. "ಬೆಳಕು ಕಾಣ್ತಾ? ದೇವರು ಏನಾದ್ರೂ ಅಂದ್ರಾ?" ಅಂತ ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಮೊದಲು ಇಲ್ಲ ಅಂದರು. ಆಮೇಲೆ, ಇದ್ದಿರಬಹುದು ಅಂದರು. ವಾರ್ಡಿಗೆ ಹೋಗುವ ಹೊತ್ತಿಗೆ ಅದರಲ್ಲಿ ಬೆಳಕೂ ಇತ್ತು, ಒಂದು ಧ್ವನಿಯೂ ಇತ್ತು. ಆ ಮನುಷ್ಯ ಯಾರಿಗೂ ಮೋಸ ಮಾಡಲಿಲ್ಲ. ನೆನಪು ಕೆಲಸ ಮಾಡುವುದೇ ಹೀಗೆ. ಅದಕ್ಕೇ ಮೊದಲ ದಿನದ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಕ್ಯಾಮೆರಾ ಮುಂದೆ ವರ್ಷಗಳ ನಂತರ ಹೇಳಿದ್ದಕ್ಕೆ ಕಡಿಮೆ. ಅಮೆರಿಕದಲ್ಲಿ 2004ರ ಕಾರು ಅಪಘಾತದಲ್ಲಿ ಗಾಯಗೊಂಡ ಒಬ್ಬ ಪುಟ್ಟ ಹುಡುಗ ಸ್ವರ್ಗಕ್ಕೆ ಹೋಗಿ ಬಂದ ಅಂತ 2010ರಲ್ಲಿ ಪುಸ್ತಕವೇ ಬಂತು. ನಾನು ಸತ್ತಿರಲಿಲ್ಲ, ಸ್ವರ್ಗಕ್ಕೂ ಹೋಗಿರಲಿಲ್ಲ ಅಂತ 2015ರಲ್ಲಿ ಅವನೇ ಬರೆದ. ಪ್ರಕಾಶಕರು ಪುಸ್ತಕ ಹಿಂದಕ್ಕೆ ತೆಗೆದುಕೊಂಡರು.

ಈಗ ಪ್ರಳಯದ ವಿಷಯ. ಇದಕ್ಕೆ ಒಂದು ಒಳ್ಳೆ ಪರೀಕ್ಷೆ ಆಗಲೇ ನಡೆದುಹೋಗಿದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೆನೆತ್ ರಿಂಗ್ ಅವರಿಗೆ 1980ರ ದಶಕದ ಆರಂಭದಲ್ಲಿ ಸಾವಿನಂಚಿಂದ ಬಂದ ಕೆಲವರು ಮುಂದಿನ ಕಾಲದ ದರ್ಶನ ಹೇಳಿದರು. ಭೂಕಂಪ, ಜ್ವಾಲಾಮುಖಿ, ಬರಗಾಲ, ಅಣುಯುದ್ಧದ ಭಯ, ಆಮೇಲೆ ಶಾಂತಿಯ ಹೊಸ ಯುಗ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೋಲಿಕೆ ಇತ್ತು. ಹಲವರು ಹೇಳಿದ ವರ್ಷವೂ ಒಂದೇ: 1988.

1988 ಬಂತು, ಹೋಯಿತು. ಬಿಹಾರ-ನೇಪಾಳ ಗಡಿಯಲ್ಲಿ, ಅರ್ಮೇನಿಯಾದಲ್ಲಿ ಭೂಕಂಪಗಳಾಗಿ ಜನ ಸತ್ತರು, ನಿಜ. ಆದರೆ ಪ್ರಪಂಚ ಮಗುಚಿ ಬೀಳಲಿಲ್ಲ. ಅಣುಯುದ್ಧದ ಬದಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಕ್ಷಿಪಣಿ ಕಡಿತದ ಒಪ್ಪಂದ ಅದೇ ವರ್ಷ ಜಾರಿಗೆ ಬಂತು. ರಿಂಗ್ ಅವರೇ ಆ ದರ್ಶನಗಳನ್ನ ಮರುವಿಮರ್ಶೆ ಮಾಡಿ ಬರೆದರು. ಅಣುಬಾಂಬಿನ ಭಯದಲ್ಲಿ ಬದುಕುತ್ತಿದ್ದವರಿಗೆ ಅದೇ ಭಯ ದರ್ಶನವಾಗಿ ಕಂಡಿರಬೇಕು ಅಂತ ನನಗನಿಸುತ್ತದೆ. ಇಷ್ಟು ಜನ ಒಂದೇ ಥರ ಹೇಳುತ್ತಿದ್ದಾರಲ್ವಾ ಅಂತ ಮಾವನವರು ಕೇಳಿದರೆ ಈ 1988ರ ಕಥೆ ಹೇಳಿ.

ನಮ್ಮ ಮೈಲಾರದ ಕಾರಣಿಕ ಗೊತ್ತಿರುತ್ತದೆ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಅಷ್ಟು ದೊಡ್ಡ ಜಾತ್ರೆ ಮೌನವಾಗುತ್ತದೆ. ಅವರು ಹೇಳುವ ಒಂದು ಸಾಲನ್ನ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಮಳೆಗೋ ಬೆಳೆಗೋ ರಾಜಕೀಯಕ್ಕೋ, ಅರ್ಥ ಯಾವುದಕ್ಕೆ ಬೇಕಾದರೂ ಹಚ್ಚಿಕೊಳ್ಳಲಿ, ಆ ಸಾಲನ್ನ ಆಮೇಲೆ ಯಾರೂ ತಿದ್ದುವ ಹಾಗಿಲ್ಲ. ವಿಡಿಯೋದವರಲ್ಲಿ ಆ ಸಾಲೇ ಬದಲಾಗಬಹುದು. ಅವರು ಹೇಳಿದ ವರ್ಷ, ಹೇಳಿದ ತಾರೀಖು ಎರಡನ್ನೂ ಒಂದು ಡೈರಿಯಲ್ಲಿ ಬರೆದಿಡಿ. ಅದೇ ಮನುಷ್ಯನ ಹಳೆಯ ವಿಡಿಯೋ ಸಿಕ್ಕರೆ ಮಾವನವರ ಜೊತೆಯೇ ಕೂತು ನೋಡಿ.

ಅವರ ಜೊತೆ ವಾದಕ್ಕೆ ಮಾತ್ರ ಇಳಿಯಬೇಡಿ. ಮೊಬೈಲ್ ಪಕ್ಕಕ್ಕಿಟ್ಟು, "ಮಾವ, ಅಜ್ಜಿ ಹೇಗಿದ್ರು? ಏನಾದ್ರೂ ಅಂದ್ರಾ?" ಅಂತ ಕೇಳಿ, ಅವರು ಹೇಳುವಷ್ಟೂ ಹೇಳಲಿ. ಹೃದಯ ಒಮ್ಮೆ ನಿಂತವರಿಗೆ ಮತ್ತೆ ನಿಂತುಬಿಟ್ಟರೆ ಅನ್ನುವ ಭಯ ತುಂಬಾ ಇರುತ್ತದೆ. ಪ್ರಪಂಚ ಮುಗಿಯುತ್ತೆ ಅನ್ನುವ ಮಾತಿನ ಹಿಂದೆ ಅದೇ ಭಯ ಇರಬಹುದು. ರಾತ್ರಿ ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ಗಮನಿಸಿ. ಇಲ್ಲದಿದ್ದರೆ ಮುಂದಿನ ಚೆಕಪ್‌ನಲ್ಲಿ ಹೃದಯದ ಡಾಕ್ಟರಿಗೇ ಹೇಳಿ, ಅವರು ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಸೈಟಿನ ಮಾತನ್ನ ಅವರು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ಯಾವ ಪೇಪರಿಗೂ ಸಹಿ ಬೇಡ.