ಸುಳ್ಳು ಹೇಳುವ ಸರ್ಕಾರವನ್ನು ಜನ ನಂಬಬೇಕಾ?

ಕಣ್ಣು ಮುಚ್ಚಿ ನಂಬಬೇಕಿಲ್ಲ. ಹಾಗಂತ ಹೇಳಿದ್ದೆಲ್ಲ ಸುಳ್ಳು ಅಂತ ಕೂತರೂ ಕಷ್ಟ. ಪ್ರವಾಹದ ಎಚ್ಚರಿಕೆಯನ್ನೂ ನಂಬದಿದ್ದರೆ ನಷ್ಟ ನಮಗೇ ಅಲ್ವಾ?

ಯುದ್ಧದ ಹೊತ್ತಲ್ಲಿ ಸೇನೆ ಎಲ್ಲಿದೆ ಅಂತ ಹೇಳದಿರುವುದು ಗುಟ್ಟು, ಸುಳ್ಳಲ್ಲ. ತನ್ನ ತಪ್ಪು ಮುಚ್ಚಿಕೊಳ್ಳುವುದು ಬೇರೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸ್ಫೋಟವಾಯಿತು. ಸೋವಿಯತ್ ಸರ್ಕಾರ ಅದನ್ನು ಬಹಿರಂಗವಾಗಿ ಹೇಳಿದ್ದು 28ರ ರಾತ್ರಿ, ಅದೂ ಸ್ವೀಡನ್ನಿನಲ್ಲಿ ವಿಕಿರಣ ಪತ್ತೆಯಾದ ಮೇಲೆ. ಸ್ಥಾವರಕ್ಕೆ ಹತ್ತಿರದ ಕೀವ್ ನಗರದಲ್ಲಿ ಮೇ 1ಕ್ಕೆ, ಏನೂ ಆಗಿಲ್ಲವೆಂಬಂತೆ, ಮೆರವಣಿಗೆಯೂ ನಡೆಯಿತು!

ಅಮೆರಿಕವೇನೂ ಕಡಿಮೆಯಿಲ್ಲ. ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರಗಳು ಜನರನ್ನು ದಾರಿ ತಪ್ಪಿಸಿದ್ದು 1971ರಲ್ಲಿ ‘ಪೆಂಟಗನ್ ಪೇಪರ್ಸ್’ ಎಂಬ ರಕ್ಷಣಾ ಇಲಾಖೆಯ ರಹಸ್ಯ ವರದಿ ಪತ್ರಿಕೆಗಳಿಗೆ ಸೋರಿಕೆಯಾದಾಗ ಬಯಲಾಯಿತು. ಪ್ರಕಟಣೆ ತಡೆಯಲು ಸರ್ಕಾರ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದು ಪತ್ರಿಕೆಗಳು.

ನನ್ನ ಪ್ರಕಾರ ನೋಡಬೇಕಾದ್ದು ಇದನ್ನೇ. ಸುಳ್ಳೇ ಹೇಳದ ಸರ್ಕಾರವನ್ನು ನಾನಂತೂ ಕಂಡಿಲ್ಲ. ಆದರೆ ಸುಳ್ಳನ್ನು ಹೊರಗೆಳೆಯುವ ಪತ್ರಿಕೆ, ಕೋರ್ಟು, ಲೆಕ್ಕಪರಿಶೋಧನೆ ಇವೆಲ್ಲ ಸ್ವತಂತ್ರವಾಗಿದ್ದರೆ ಪರೀಕ್ಷಿಸುತ್ತಾ ನಂಬಬಹುದು. ಅವುಗಳ ಬಾಯಿ ಮುಚ್ಚಿಸಿದ್ದರೆ ಸರ್ಕಾರದ ನಿಜವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ನಿಮ್ಮಲ್ಲಿ ಮಾಹಿತಿ ಕೇಳುವ ಕಾನೂನು ಇದ್ದರೆ ಒಮ್ಮೆ ಬಳಸಿ ನೋಡಿ. ಉತ್ತರ ಕೊಡಲು ಎಷ್ಟು ಸತಾಯಿಸುತ್ತಾರೆ ಅನ್ನುವುದರಲ್ಲೇ ಸುಮಾರು ಗೊತ್ತಾಗುತ್ತದೆ.