ಓದುಗರ ಪ್ರಶ್ನೆ: ಹೊಸ ಟಿವಿಯಲ್ಲಿ ಹೊಸ ಗೇಮ್, ಹಳೇ ಕ್ಯಾಸೆಟ್

ಹೊಸ ಟಿವಿ ಕೊಳ್ಳುವವರ ಪ್ರಶ್ನೆಗಳು ಈ ಸಲ ಹೆಚ್ಚಾಗಿ ಬಂದಿವೆ. ಬಹುತೇಕರ ಆಸೆ ಒಂದೇ: ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಚೆನ್ನಾಗಿ ಓಡಬೇಕು, ಹಳೇ ಕನ್ಸೋಲ್ ಮತ್ತು ವಿಡಿಯೊ ಕ್ಯಾಸೆಟ್‌ಗಳೂ ಚೆನ್ನಾಗಿ ಕಾಣಬೇಕು. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಟಿವಿಯನ್ನು ಹೊಸ ಕನ್ಸೋಲ್‌ಗೆ ತಕ್ಕಂತೆ ಆರಿಸಿ. ಹಳೇ ಸಿಗ್ನಲ್ ಹೇಗೆ ಕಾಣುತ್ತದೆ ಎಂಬುದು ಪ್ಯಾನೆಲ್‌ಗಿಂತ ಹೆಚ್ಚಾಗಿ, ಆ ಸಿಗ್ನಲ್ಲನ್ನು ಟಿವಿಗೆ ತಲುಪುವ ಮುಂಚೆ ಯಾರು ಹದ ಮಾಡಿ ಕೊಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ: ಪಿಎಸ್5ಗಾಗಿ 55 ಇಂಚಿನ ಟಿವಿ ನೋಡುತ್ತಿದ್ದೇನೆ. ಬಾಕ್ಸ್ ಮೇಲೆ ‘ಎಚ್‌ಡಿಎಂಐ 2.1’, ‘ಮೋಷನ್ ರೇಟ್ 240’ ಎಂದು ಬರೆದಿದ್ದರೆ ಸಾಕೇ?

ಉತ್ತರ: ಸಾಲದು. 2.1 ಎಂದು ಬರೆದುಕೊಳ್ಳಲು ಆ ಆವೃತ್ತಿಯ ಎಲ್ಲ ಸೌಲಭ್ಯಗಳೂ ಟಿವಿಯಲ್ಲಿ ಇರಲೇಬೇಕು ಎಂಬ ಕಟ್ಟುಪಾಡಿಲ್ಲ. ಆಟ ಶುರುವಾದಾಗ ತಾನಾಗಿ ಗೇಮ್ ಮೋಡ್‌ಗೆ ಹೋಗುವ ಎಎಲ್‌ಎಲ್‌ಎಂ ಒಂದನ್ನು ಕೊಟ್ಟು, ಪ್ಯಾನೆಲ್ ಮಾತ್ರ 60 ಹರ್ಟ್ಸ್‌ನದೇ (ಸೆಕೆಂಡಿಗೆ 60 ಚಿತ್ರ) ಹಾಕಿರುವ ಟಿವಿಗಳೂ ಈ ಹೆಸರಿನಲ್ಲೇ ಬರುತ್ತವೆ. ‘ಮೋಷನ್ ರೇಟ್’ ಎಂಬುದು ಕಂಪನಿ ತನ್ನದೇ ಲೆಕ್ಕದಲ್ಲಿ ಹಾಕಿದ ಅಂಕಿ, ಪ್ಯಾನೆಲ್‌ನ ವೇಗವಲ್ಲ.

ನಿಜ ತಿಳಿಯಲು ಮಾದರಿ ಸಂಖ್ಯೆಯ ಪೂರ್ಣ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಅದರಲ್ಲಿ ಟಿವಿ ಒಪ್ಪುವ ಎಚ್‌ಡಿಎಂಐ ಸಿಗ್ನಲ್‌ಗಳ ಪಟ್ಟಿ ಇರುತ್ತದೆ. 3840 × 2160 ಎದುರು 120 ಹರ್ಟ್ಸ್ ಇದೆಯೇ, ಯಾವ ಪೋರ್ಟ್‌ಗೆ ಎಂದು ಬರೆದಿದೆ, ಎರಡನ್ನೂ ನೋಡಿ. ಹಳೇ ಸಾಮಾನುಗಳಿದ್ದರೆ ಅದೇ ಪಟ್ಟಿಯಲ್ಲಿ 576 ಮತ್ತು 480 ಗೆರೆಗಳ ಸಾಲುಗಳನ್ನೂ 50 ಹರ್ಟ್ಸ್ ಅನ್ನೂ ಹುಡುಕಿ.

ಪೋರ್ಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನಾಲ್ಕು ಪೋರ್ಟ್ ಇರುವ ಎಷ್ಟೋ ಟಿವಿಗಳಲ್ಲಿ ಎರಡು ಮಾತ್ರ 4ಕೆ 120 ಹರ್ಟ್ಸ್ ಒಪ್ಪುತ್ತವೆ, ಆ ಎರಡರಲ್ಲೊಂದೇ ಇಎಆರ್‌ಸಿ (ಟಿವಿಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ) ಪೋರ್ಟ್ ಕೂಡ ಆಗಿರುತ್ತದೆ. ಸೌಂಡ್‌ಬಾರ್ ಅಲ್ಲಿ ಕೂತರೆ ವೇಗದ ಪೋರ್ಟ್ ಉಳಿಯುವುದು ಒಂದೇ. ಎರಡು ಕನ್ಸೋಲ್ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಟಿವಿ ಮನೆಗೆ ಬಂದ ಮೇಲೆ ಆ ಪೋರ್ಟ್‌ನ ಪೂರ್ಣ ವೇಗವನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕಾಗಬಹುದು. ಸೋನಿಯಲ್ಲಿ ಇದರ ಹೆಸರು ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’. ಇದನ್ನು ಬಿಟ್ಟರೆ ಕನ್ಸೋಲ್ 60 ಹರ್ಟ್ಸ್‌ಗಿಂತ ಮೇಲೆ ಹೋಗದು, ಎಚ್‌ಡಿಆರ್ (ಬೆಳಕು-ಕತ್ತಲಿನ ಹೆಚ್ಚಿನ ಹರವು) ಕೂಡ ಕಾಣದಿರಬಹುದು. ಕೇಬಲ್ ‘ಅಲ್ಟ್ರಾ ಹೈ ಸ್ಪೀಡ್’ ದರ್ಜೆಯದಿರಲಿ. ಪಿಎಸ್5 ಬಾಕ್ಸ್‌ನಲ್ಲಿ ಬಂದಿರುವುದು ಅದೇ, ಬೇರೆ ಕೊಳ್ಳಬೇಕಿಲ್ಲ.

ಇನ್ನು ತಡ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಅದು ಕಾಣುವುದಕ್ಕೂ ನಡುವಿನ ಇನ್‌ಪುಟ್ ಲ್ಯಾಗ್ ಒಂದು, ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ರೆಸ್ಪಾನ್ಸ್ ಟೈಮ್ ಇನ್ನೊಂದು. ಅಂಗಡಿಯಲ್ಲಿ ‘1 ಎಂಎಸ್’ ಎನ್ನುವುದು ಸಾಮಾನ್ಯವಾಗಿ ಎರಡನೆಯದನ್ನು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, 120ರಲ್ಲಿ 8.3. ಒಳ್ಳೆಯ ಟಿವಿ ಗೇಮ್ ಮೋಡ್‌ನಲ್ಲಿ 10 ಮಿಲಿಸೆಕೆಂಡ್ ಆಸುಪಾಸು ಲ್ಯಾಗ್ ಕೊಡುತ್ತದೆ. ಅದೇ ಟಿವಿ ಸಿನಿಮಾ ಮೋಡ್‌ನಲ್ಲಿ 50 ದಾಟಿ 100ರವರೆಗೂ ಹೋಗಬಹುದು, ಏಕೆಂದರೆ ಚಿತ್ರ ನುಣುಪು ಮಾಡುವ ಪ್ರಕ್ರಿಯೆಗೆ ಮುಂದಿನ ಫ್ರೇಮ್‌ಗಳು ಕೈಗೆ ಬರುವವರೆಗೆ ಅದು ಕಾಯಬೇಕು. ವಿಆರ್‌ಆರ್ (ಆಟದ ಫ್ರೇಮ್‌ವೇಗಕ್ಕೆ ತಕ್ಕಂತೆ ಪರದೆಯ ವೇಗ ಬದಲಿಸುವ ಸೌಲಭ್ಯ) ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ: ಆಟ 60 ಫ್ರೇಮ್‌ಗಿಂತ ಕೆಳಗಿಳಿದಾಗ ಆಗುವ ಜರ್ಕ್ ಅದರಿಂದ ತಗ್ಗುತ್ತದೆ. ಪಿಎಸ್5ನಲ್ಲಿ ಅದು ಕೆಲಸ ಮಾಡುವುದು 48ರಿಂದ 120 ಹರ್ಟ್ಸ್‌ವರೆಗೆ.

ಪ್ರಶ್ನೆ: ಸೆಗಾದ ಹಳೇ ಕನ್ಸೋಲ್ ಮೆಗಾಡ್ರೈವ್ ಮತ್ತು ಪಿಎಸ್1 ಅನ್ನು ಹಳದಿ-ಕೆಂಪು-ಬಿಳಿ ಕೇಬಲ್‌ನಲ್ಲಿ ಹೊಸ 4ಕೆ ಟಿವಿಗೆ ಹಾಕಿದೆ. ಅಕ್ಷರಗಳು ನಡುಗುತ್ತವೆ, ಕೆಲವು ಆಟಗಳಲ್ಲಿ ಪಾತ್ರದ ನೆರಳೇ ಮಾಯ. ಟಿವಿ ಕೆಟ್ಟಿದೆಯೇ?

ಉತ್ತರ: ಟಿವಿ ಕೆಟ್ಟಿಲ್ಲ, ಸಿಗ್ನಲ್ಲನ್ನು ತಪ್ಪಾಗಿ ಓದುತ್ತಿದೆ. ಈ ಕನ್ಸೋಲ್‌ಗಳು ಹೆಚ್ಚಿನ ಆಟಗಳಲ್ಲಿ ಕಳಿಸುವುದು 240ಪಿ. ಅಂದರೆ ಸೆಕೆಂಡಿಗೆ 60 ಸಲ, ಅದೇ 240 ಗೆರೆಗಳನ್ನು ಅದೇ ಜಾಗದಲ್ಲಿ ಬರೆಯುವುದು. ಟಿವಿ ಪ್ರಸಾರದ 480ಐನಲ್ಲಾದರೋ ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ಪಿಕ್ಚರ್ ಟ್ಯೂಬಿನ ಟಿವಿಗೆ ಎರಡೂ ಸಲೀಸು. ಹೊಸ ಟಿವಿಗಳಲ್ಲಿ ಬಹಳಷ್ಟು 240ಪಿಯನ್ನು ಗುರುತಿಸದೆ 480ಐ ಎಂದೇ ಭಾವಿಸಿ ಎರಡೆರಡು ಚಿತ್ರಗಳನ್ನು ಹೆಣೆಯಲು ಹೋಗುತ್ತವೆ. ಒಂದು ಚಿತ್ರವನ್ನು ಅರ್ಧ ಗೆರೆ ಮೇಲೆ, ಮುಂದಿನದನ್ನು ಅರ್ಧ ಗೆರೆ ಕೆಳಗೆ ಇಡುವುದರಿಂದ ಅಕ್ಷರಗಳ ಅಂಚು ನಡುಗುತ್ತದೆ. ನೆರಳಿನ ಕಥೆಯೂ ಇದೇ. ಅರೆಪಾರದರ್ಶಕವಾಗಿ ಕಾಣಲೆಂದು ನೆರಳನ್ನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಬರೆದಿರುತ್ತಾರೆ. ಟಿವಿ ಅಂಥ ಫ್ರೇಮ್‌ಗಳನ್ನು ಹೆಣೆದಾಗ ನೆರಳು ಪಟ್ಟೆಪಟ್ಟೆಯಾಗುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ.

ಇದಕ್ಕೆ ಟಿವಿ ಬದಲಿಸಿ ಫಲವಿಲ್ಲ. ಆಟಕ್ಕೆಂದೇ ಮಾಡಿದ ಸ್ಕೇಲರ್ ಬೇಕು, ಅಂದರೆ ಹಳೇ ಸಿಗ್ನಲ್ಲನ್ನು ಹೊಸ ಟಿವಿಗೆ ಹೊಂದಿಸಿ ಕೊಡುವ ಪೆಟ್ಟಿಗೆ. ಓಎಸ್‌ಎಸ್‌ಸಿ ಎಂಬ ಪೆಟ್ಟಿಗೆ ಬಂದ ಗೆರೆಯನ್ನು ಹಾಗೆ ಹಾಗೇ ಎರಡು, ಮೂರು, ನಾಲ್ಕು ಪಟ್ಟು ಮಾಡಿ ಕಳಿಸುತ್ತದೆ. ಇಡೀ ಫ್ರೇಮ್ ಕೂಡಿಡುವುದಿಲ್ಲವಾದ್ದರಿಂದ ತಡ ಇಲ್ಲವೆಂದೇ ಹೇಳಬೇಕು. ಆದರೆ ಅದು ಬಣ್ಣಗಳನ್ನು ಬೇರೆಬೇರೆ ತಂತಿಯಲ್ಲಿ ತರುವ ಆರ್‌ಜಿಬಿ, ಕಾಂಪೊನೆಂಟ್ ಸಿಗ್ನಲ್ ತೆಗೆದುಕೊಳ್ಳುತ್ತದೆಯೇ ಹೊರತು ಹಳದಿ ಕೇಬಲ್ ಅಲ್ಲ. ಜೊತೆಗೆ ಅದು ಕೊಡುವ ರೂಢಿಗೆ ಹೊರತಾದ ಸಿಗ್ನಲ್ಲನ್ನು ಕೆಲವು ಟಿವಿಗಳು ಒಪ್ಪುವುದಿಲ್ಲ. ಹಳದಿ ಕೇಬಲ್ಲೇ ಗತಿ ಎನ್ನುವವರಿಗೆ ರೆಟ್ರೊಟಿಂಕ್ 5ಎಕ್ಸ್ ಸರಿ: ಕಾಂಪೊಸಿಟ್ (ಅದೇ ಹಳದಿ ಕೇಬಲ್), ಎಸ್-ವಿಡಿಯೊ, ಕಾಂಪೊನೆಂಟ್, ಸ್ಕಾರ್ಟ್ ಆರ್‌ಜಿಬಿ ಎಲ್ಲವನ್ನೂ ತೆಗೆದುಕೊಂಡು ಟಿವಿಗೆ ಪರಿಚಿತವಾದ 1080ಪಿ ಕೊಡುತ್ತದೆ.

ಎಲ್ಲೆಡೆ ಸಿಗುವ ಪುಟ್ಟ ‘ಎವಿ ಟು ಎಚ್‌ಡಿಎಂಐ’ ಡಬ್ಬಿಗಳನ್ನು ಆಟಕ್ಕೆ ಕೊಳ್ಳಬೇಡಿ. ಅವೂ 240ಪಿಯನ್ನು 480ಐ ಎಂದೇ ಓದುತ್ತವೆ, 4:3 ಚಿತ್ರವನ್ನು 16:9ಕ್ಕೆ ಎಳೆಯುತ್ತವೆ, ತಡವನ್ನೂ ಸೇರಿಸುತ್ತವೆ. ಹಣ ಕಡಿಮೆ ಇದ್ದರೆ ಮೊದಲು ಕೇಬಲ್‌ಗೆ ಹಾಕಿ. ಹಳದಿ ಕೇಬಲ್‌ನಲ್ಲಿ ಬಣ್ಣ ಮತ್ತು ಬೆಳಕು ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ, ಎಸ್-ವಿಡಿಯೊದಲ್ಲಿ ಬೇರೆಬೇರೆ. ಅಷ್ಟಕ್ಕೇ ಅಂಚುಗಳಲ್ಲಿ ತೆವಳುವ ಚುಕ್ಕಿಗಳು ಹೋಗುತ್ತವೆ.

ಪಿಎಸ್2ಗೆ ಕಾಂಪೊನೆಂಟ್ ಕೇಬಲ್ ಹಾಕುವವರು ಗಮನಿಸಿ: ಹಳೇ ಕೇಬಲ್ ಇರುವಾಗಲೇ ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ‘ಕಾಂಪೊನೆಂಟ್ ವಿಡಿಯೊ ಔಟ್’ ಅನ್ನು ಆರ್‌ಜಿಬಿಯಿಂದ ವೈ-ಸಿಬಿ-ಸಿಆರ್‌ಗೆ ಬದಲಿಸಿ, ಆಮೇಲೆ ಕೇಬಲ್ ಬದಲಿಸಿ. ಮರೆತರೆ ಚಿತ್ರ ಕಾಣದು, ಇಲ್ಲವೇ ಬಣ್ಣ ಕೆಟ್ಟು ಕಾಣುತ್ತದೆ. ಅದರಲ್ಲಿ ಪಿಎಸ್1 ಡಿಸ್ಕ್ ಹಾಕಿದಾಗ ಟಿವಿ ಕಪ್ಪಾದರೆ ಕೇಬಲ್ ಮೇಲೆ ಅನುಮಾನ ಬೇಡ. ಕಾಂಪೊನೆಂಟ್‌ನಲ್ಲಿ 240ಪಿಯನ್ನು ಒಪ್ಪದ ಟಿವಿ ಅದು.

ಪ್ರಶ್ನೆ: ವಿಎಚ್‌ಎಸ್ ಪ್ಲೇಯರ್ ಹಾಕಿದರೆ ಚಿತ್ರ ಬರುತ್ತದೆ, ಆಗಾಗ ‘ನೋ ಸಿಗ್ನಲ್’ ಆಗುತ್ತದೆ. ಪರದೆಯ ಕೆಳಗೆ ಹರಿದಂಥ ಒಂದು ಪಟ್ಟಿ. ಮುಖಗಳೆಲ್ಲ ಅಗಲ.

ಉತ್ತರ: ಮೂರಕ್ಕೂ ಕಾರಣ ಬೇರೆ. ಟೇಪಿನಲ್ಲಿ ಚಿತ್ರ ಓದುವುದು ತಿರುಗುವ ಡ್ರಮ್, ಪ್ಯಾಲ್‌ನಲ್ಲಿ (ಭಾರತದ ಹಳೇ ಟಿವಿ ಪದ್ಧತಿ) ನಿಮಿಷಕ್ಕೆ 1500 ಸುತ್ತು. ಟೇಪು ಕೊಂಚ ಹಿಗ್ಗಿದರೂ ಎಳೆತ ಹೆಚ್ಚುಕಡಿಮೆಯಾದರೂ 64 ಮೈಕ್ರೊಸೆಕೆಂಡ್ ಇರಬೇಕಾದ ಗೆರೆ ತುಸು ಉದ್ದ, ತುಸು ಗಿಡ್ಡ ಆಗುತ್ತದೆ. ಹಳೇ ಟಿವಿ ಅದರ ಹಿಂದೆಯೇ ಹೋಗುತ್ತಿತ್ತು. ಹೊಸದು ತನ್ನ ಗಡಿಯಾರದಂತೆ ಅಳೆಯುತ್ತದೆ, ಲೆಕ್ಕ ತಪ್ಪಿದೊಡನೆ ಪರದೆ ಮುಚ್ಚುತ್ತದೆ. ಇದನ್ನು ಸರಿಪಡಿಸುವುದು ಟೈಮ್ ಬೇಸ್ ಕರೆಕ್ಟರ್. ಅದು ಸಿಗದಿದ್ದರೆ ಪ್ಯಾನಾಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್ ಹುಡುಕಿ. ವಿಸಿಆರ್ ಅನ್ನು ಅದರ ಎವಿ ಇನ್‌ಗೆ ಕೊಟ್ಟು, ಅದರ ಔಟ್‌ನಿಂದ ಮುಂದಕ್ಕೆ ಕಳಿಸಿ. ರೆಕಾರ್ಡ್ ಮಾಡಬೇಕಿಲ್ಲ, ಹಾದುಹೋದರೆ ಸಾಕು, ಅಲುಗಾಡುವ ಗೆರೆಗಳು ಸಾಲಿಗೆ ಬರುತ್ತವೆ.

ಕೆಳಗಿನ ಪಟ್ಟಿ, ಡ್ರಮ್ಮಿನ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಗುರುತು. ಟೇಪಿನಲ್ಲಿ ಅದು ಯಾವಾಗಲೂ ಇತ್ತು, ಹಳೇ ಟಿವಿಯ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು ಅಷ್ಟೆ. ಆ ಇನ್‌ಪುಟ್‌ಗೆ ಓವರ್‌ಸ್ಕ್ಯಾನ್ (ಚಿತ್ರದ ಅಂಚನ್ನು ಕತ್ತರಿಸಿ ತೋರಿಸುವುದು) ಆನ್ ಮಾಡಿ. ‘ಜಸ್ಟ್ ಸ್ಕ್ಯಾನ್’, ‘ಫುಲ್ ಪಿಕ್ಸೆಲ್’ ಇತ್ಯಾದಿ ಹೆಸರಿನಲ್ಲಿದ್ದರೆ ಅದನ್ನು ಆಫ್ ಮಾಡಬೇಕು. ಮುಖ ಅಗಲವಾಗಿದ್ದರೆ ಆಕಾರವನ್ನು 4:3ಕ್ಕೆ ತನ್ನಿ. ಶಾರ್ಪ್‌ನೆಸ್ ಪೂರ್ತಿ ಇಳಿಸಿ: ವಿಎಚ್‌ಎಸ್‌ನ ಅಡ್ಡ ವಿವರ ಸುಮಾರು 240 ಗೆರೆಯಷ್ಟೇ, ಮೇಲಿಂದ ಹಾಕುವ ಚೂಪು ಬಿಳಿ ಅಂಚನ್ನು ಬರೆಯುತ್ತದೆಯೇ ಹೊರತು ವಿವರ ತರದು.

ಟೇಪ್ ಒಳಗೆ ಹಾಕುವ ಮುಂಚೆ ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ದಯವಿಟ್ಟು ಹಾಕಬೇಡಿ. ಹೆಡ್‌ಗೆ ಹತ್ತಿ, ಮುಂದೆ ಹಾಕುವ ಒಳ್ಳೆಯ ಟೇಪುಗಳಿಗೂ ದಾಟುತ್ತದೆ.

ಪ್ರಶ್ನೆ: ಟಿವಿ ಹಿಂದೆ ‘ಎವಿ ಇನ್’ ಎಂಬ ಒಂದೇ ಸಣ್ಣ ರಂಧ್ರವಿದೆ. ಹಳೇ ಕ್ಯಾಮ್‌ಕಾರ್ಡರ್‌ನ ಕೇಬಲ್ ಹಾಕಿದರೆ ಗುಂಯ್ ಶಬ್ದ ಮಾತ್ರ.

ಉತ್ತರ: ಅದು ನಾಲ್ಕು ಭಾಗದ 3.5 ಮಿಲಿಮೀಟರ್ ಪಿನ್. ಯಾವ ಭಾಗದಲ್ಲಿ ವಿಡಿಯೊ, ಯಾವುದರಲ್ಲಿ ಗ್ರೌಂಡ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ವಿಡಿಯೊ ತಂತಿ ಸ್ಪೀಕರ್‌ಗೆ ಹೋದಾಗ ಬರುವ ಶಬ್ದವೇ ಗುಂಯ್. ಹಳದಿ ಪ್ಲಗ್ಗಿನ ಜಾಗದಲ್ಲಿ ಕೆಂಪು, ಆಮೇಲೆ ಬಿಳಿ ಪ್ಲಗ್ ಹಾಕಿ ನೋಡಿ. ಒಂದರಲ್ಲಿ ಚಿತ್ರ ಬಂದರೆ ಕೆಲಸ ಮುಗಿಯಿತು. ಯಾವುದರಲ್ಲೂ ಬಾರದಿದ್ದರೆ ಗ್ರೌಂಡ್ ಅದಲುಬದಲಾಗಿದೆ, ನಿಮ್ಮ ಟಿವಿ ಮಾದರಿಗೆಂದೇ ಇರುವ ಕೇಬಲ್ ಬೇಕು.

ಪ್ರಶ್ನೆ: 4:3 ಚಿತ್ರವನ್ನೇ ಹೆಚ್ಚು ನೋಡುವವರು ಓಎಲ್‌ಇಡಿ ಕೊಳ್ಳಬಹುದೇ?

ಉತ್ತರ: ನೋಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು 4:3 ಆಗಿದ್ದರೆ ಬೇಡ ಎನ್ನುತ್ತೇವೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಸವೆಯುತ್ತದೆ. ನಡುಭಾಗ ದುಡಿಯುತ್ತಿರುವಾಗ ಎರಡು ಬದಿಯ ಕಪ್ಪು ಪಟ್ಟಿ ಸುಮ್ಮನಿರುತ್ತದೆ. ವರ್ಷಗಳ ಮೇಲೆ ಪೂರ್ತಿ ಪರದೆಯ ಚಿತ್ರದಲ್ಲಿ ಬದಿಗಳು ಹೆಚ್ಚು ಬೆಳ್ಳಗೆ ಕಾಣಬಹುದು. ಆಟದಲ್ಲಿ ಸದಾ ಒಂದೇ ಕಡೆ ನಿಲ್ಲುವ ಸ್ಕೋರ್, ನಕ್ಷೆಗಳಿಗೂ ಇದೇ ಮಾತು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡುವ ಮನೆಗೆ ಭಯವಿಲ್ಲ, ಚಲನೆಯ ಸ್ಪಷ್ಟತೆಯಲ್ಲಿ ಅದನ್ನು ಮೀರಿಸುವುದು ಎಲ್‌ಸಿಡಿಗೆ ಕಷ್ಟ. ಎಲ್‌ಸಿಡಿಯಲ್ಲಿ ವಿಎ ಪ್ಯಾನೆಲ್‌ಗೆ ಒಳ್ಳೆಯ ಕಪ್ಪು ಇದೆ, ಕತ್ತಲ ದೃಶ್ಯದಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಎಳೆದಂತೆ ಕಾಣುವುದು ಅದರ ದೋಷ. ಪಕ್ಕದಿಂದ ನೋಡುವವರು ಹೆಚ್ಚಿದ್ದರೆ ಐಪಿಎಸ್.

ಪ್ರಶ್ನೆ: ಹಳೇ ಎವಿಐ ಫೈಲುಗಳು, ವಿಸಿಡಿಯಿಂದ ತೆಗೆದ ಡಿಎಟಿ ಫೈಲುಗಳು ಪೆನ್‌ಡ್ರೈವ್‌ನಲ್ಲಿ ಓಡುವುದಿಲ್ಲ.

ಉತ್ತರ: ಎಕ್ಸ್‌ವಿಡ್ ಕೋಡೆಕ್‌ನಲ್ಲಿ ‘ಕ್ಯೂಪೆಲ್’, ‘ಜಿಎಂಸಿ’ ಎಂಬ ಆಯ್ಕೆ ಬಳಸಿ ಮಾಡಿದ ಫೈಲುಗಳನ್ನು ಟಿವಿಯ ಚಿಪ್ ಹೆಚ್ಚಾಗಿ ಬಿಡಿಸಲಾರದು. ಡಿಎಟಿ ಒಳಗಿರುವುದು 352 × 288ರ ಎಂಪೆಗ್-1, ಟಿವಿ ಅದರ ಹೊದಿಕೆಯನ್ನೇ ಗುರುತಿಸದು. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎರಡನ್ನೂ ಓಡಿಸುತ್ತದೆ. ಟಿವಿಗೇ ಬೇಕೆಂದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಎಚ್.264, ಎಂಪಿ4 ಮಾಡಿಕೊಳ್ಳಿ, ಮೂಲ ಫೈಲನ್ನು ಅಳಿಸಬೇಡಿ. ಕ್ಯಾಮ್‌ಕಾರ್ಡರ್ ಅಥವಾ ಡಿವಿಡಿಯ ಪ್ಯಾಲ್ ಇಂಟರ್‌ಲೇಸ್ (ಬೆಸ-ಸಮ ಗೆರೆ ಸರದಿಯ) ಚಿತ್ರವಾದರೆ ಡಿಇಂಟರ್‌ಲೇಸ್‌ನಲ್ಲಿ ‘ಬಿಡಬ್ಲ್ಯುಡಿಫ್’, ಅದರೊಳಗೆ ‘ಬಾಬ್’ ಆರಿಸಿ ಫ್ರೇಮ್‌ರೇಟ್ 50 ಇಡಿ. 25 ಇಟ್ಟರೆ ಚಲನೆಯ ಅರ್ಧ ಕಳೆದುಹೋಗುತ್ತದೆ.

ಪ್ರಶ್ನೆ: ಪಿಎಸ್2ನ ಗನ್ ಹೊಸ ಟಿವಿಯಲ್ಲಿ ಗುರಿ ಹಿಡಿಯುವುದಿಲ್ಲ. ಏನಾದರೂ ದಾರಿ?

ಉತ್ತರ: ಇಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಕಿರಣ ಚುಕ್ಕಿಚುಕ್ಕಿಯಾಗಿ ಓಡುವ ಕ್ಷಣವನ್ನು ಹಿಡಿದು ಆ ಗನ್ ಜಾಗ ಕಂಡುಕೊಳ್ಳುತ್ತದೆ. ಹೊಸ ಪರದೆಯಲ್ಲಿ ಆ ಕಿರಣವೇ ಇಲ್ಲ, ಯಾವ ಸ್ಕೇಲರ್ ಕೂಡ ಅದನ್ನು ತರಲಾರದು. ಗುರಿ ಹೊಡೆಯುವ ಆಟವೇ ಬೇಕೆಂದರೆ ನಿಂಟೆಂಡೊ ವೀ ಒಳ್ಳೆಯದು. ಅದರ ರಿಮೋಟ್ ನೋಡುವುದು ಸೆನ್ಸರ್ ಬಾರ್‌ನ ಇನ್‌ಫ್ರಾರೆಡ್ ದೀಪಗಳನ್ನು, ಪರದೆಯನ್ನಲ್ಲ. ಬಾರ್ ಅನ್ನು ಪರದೆಯ ಮೇಲಿಟ್ಟಿದ್ದೀರೋ ಕೆಳಗೋ ಎಂಬುದನ್ನು ಅದರ ಸೆಟ್ಟಿಂಗ್‌ನಲ್ಲಿ ಸರಿಯಾಗಿ ಹೇಳಿ, ಟಿವಿಯನ್ನು ಗೇಮ್ ಮೋಡ್‌ನಲ್ಲಿಡಿ.