ಅಂಗಡಿಯಲ್ಲಿ ಹಿಡಿಸಿದ ಪರ್ಫ್ಯೂಮ್ ಮನೆಯಲ್ಲೇಕೆ ಹಿಡಿಸುವುದಿಲ್ಲ?

ಪ್ರಶ್ನೆ: ಮೂಸಿ ನೋಡಿ, ಇಷ್ಟವಾದ ಮೇಲೇ ಪರ್ಫ್ಯೂಮ್ ಕೊಳ್ಳುತ್ತೇನೆ. ಎರಡು ಗಂಟೆಯಲ್ಲಿ ಅದರ ವಾಸನೆಯೇ ಬೇರೆ, ಕೆಲವೊಮ್ಮೆ ತಲೆನೋವು. ಫ್ಲೋರಲ್, ವುಡಿ, ಶೀಪ್ರ್ ಎಂಬ ಹೆಸರುಗಳೂ ಅರ್ಥವಾಗುವುದಿಲ್ಲ. ಆರಿಸುವುದು ಹೇಗೆ?

ಉತ್ತರ: ನೀವು ಮೆಚ್ಚಿದ್ದು ಮೊದಲ ಹತ್ತು ನಿಮಿಷದ ಘಮವನ್ನು, ಮೈಮೇಲೆ ಉಳಿದದ್ದು ಬೇರೆ. ನಿಂಬೆ, ಕಿತ್ತಳೆ, ಬರ್ಗಮಾಟ್‌ನಂಥ ಹಗುರ ಅಂಶಗಳು ಬೇಗ ಆವಿಯಾಗುತ್ತವೆ. ಹೂವು, ಮಸಾಲೆಯ ನಡುಭಾಗ ಎರಡು ಮೂರು ಗಂಟೆ ಇರುತ್ತದೆ. ಶ್ರೀಗಂಧ, ಮಸ್ಕ್ (ಕಸ್ತೂರಿಯಂಥ ಕಂಪು), ವೆನಿಲ್ಲಾದಂಥ ಭಾರದ ತಳ ಕೊನೆಯವರೆಗೂ ನಿಲ್ಲುತ್ತದೆ. ಆರಿಸಬೇಕಾದದ್ದು ಈ ತಳ ನೋಡಿ.

ನೀವು ಕೇಳಿದವು ಪರಿಮಳದ ಕುಟುಂಬಗಳ ಹೆಸರುಗಳು. ಫ್ಲೋರಲ್, ಫ್ರೆಶ್ ಎಂಬವು ತಮ್ಮನ್ನು ತಾವೇ ಹೇಳಿಕೊಳ್ಳುತ್ತವೆ. ವುಡಿ ಎಂದರೆ ಶ್ರೀಗಂಧ, ದೇವದಾರು, ಲಾವಂಚ. ಆಂಬರ್ ಎಂದರೆ ವೆನಿಲ್ಲಾ ಮತ್ತು ಮರದ ಅಂಟುಗಳ ಬೆಚ್ಚಗಿನ ಸಿಹಿ. ತಿಮಿಂಗಿಲದಿಂದ ಬರುವ ಆಂಬರ್‌ಗ್ರಿಸ್ ಬೇರೆಯೇ ವಸ್ತು. ತೊಡಕಿರುವುದು ಉಳಿದೆರಡರಲ್ಲಿ, ಫೂಜೇರ್ ಮತ್ತು ಶೀಪ್ರ್‌ನಲ್ಲಿ. ಫೂಜೇರ್ ಎಂದರೆ ಫ್ರೆಂಚ್‌ನಲ್ಲಿ ಜರೀಗಿಡ. ಹೂಬಿಗಾನ್ ಸಂಸ್ಥೆ 1882ರಲ್ಲಿ ತಂದ ‘ಫೂಜೇರ್ ರಾಯಾಲ್’ನಿಂದ ಬಂದ ಹೆಸರಿದು. ಜರೀಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ ಎಂಬುದೇ ತಮಾಷೆ. ಒಳಗಿರುವುದು ಲ್ಯಾವೆಂಡರ್, ಒಣಹುಲ್ಲಿನಂತೆ ಕಂಪು ಬೀರುವ ಕೂಮರಿನ್, ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಯ ಓಕ್‌ಮಾಸ್. ಕೋಟಿ (Coty) ಎಂಬ ಪರ್ಫ್ಯೂಮ್ ಸಂಸ್ಥೆ 1917ರಲ್ಲಿ ತಂದ ‘ಶೀಪ್ರ್’ ಇನ್ನೊಂದು ಕುಟುಂಬಕ್ಕೆ ಹೆಸರು ಕೊಟ್ಟಿತು: ಮೇಲೆ ಬರ್ಗಮಾಟ್, ಕೆಳಗೆ ಪೊದೆಯೊಂದರ ಅಂಟಾದ ಲ್ಯಾಬ್ಡನಮ್ ಮತ್ತು ಓಕ್‌ಮಾಸ್. ಚರ್ಮದ ಅಲರ್ಜಿಯ ಕಾರಣಕ್ಕೆ ಓಕ್‌ಮಾಸ್‌ಗೆ ಈಗ ಮಿತಿ ಬಿದ್ದಿದೆ. ಹೊಸ ಶೀಪ್ರ್‌ಗಳಲ್ಲಿ ಹೆಚ್ಚಿನವು ಮಣ್ಣಿನ ಕಂಪಿನ ಎಲೆಯಾದ ಪಚೌಲಿಯನ್ನು ನೆಚ್ಚಿಕೊಂಡಿವೆ.

ಮೊದಲು ಕಾಗದದ ಪಟ್ಟಿಗೆ ಸಿಂಪಡಿಸಿ, ಹೆಸರು ಬರೆದು, ಬೇಡದ್ದನ್ನು ಕೈಬಿಡಿ. ಉಳಿದವುಗಳಲ್ಲಿ ಎರಡನ್ನು ಮಾತ್ರ ಒಂದೊಂದು ಮುಂಗೈಗೆ ಹಾಕಿಕೊಳ್ಳಿ. ಅರ್ಧ ನಿಮಿಷ ಬಿಡಿ, ಆಲ್ಕೋಹಾಲಿನ ಗಾಟು ಹೋಗಲಿ. ಮಣಿಕಟ್ಟು ತಿಕ್ಕಬೇಡಿ; ಬಿಸಿಗೆ ಮೇಲಿನ ಘಮ ಇನ್ನೂ ಬೇಗ ಹಾರುತ್ತದೆ. ಹದಿನೈದು ನಿಮಿಷ, ಎರಡು ಗಂಟೆ, ಆರು ಗಂಟೆಗೆ ಮೂಸಿ ಒಂದು ಸಾಲು ಬರೆದಿಡಿ. ಅಂದೇ ಕೊಳ್ಳಬೇಡಿ. ಮೂಗು ದಣಿದರೆ ಕಾಫಿಬೀಜ ಬೇಕಿಲ್ಲ, ಏನೂ ಹಚ್ಚದ ನಿಮ್ಮದೇ ಮೊಣಕೈಯ ಒಳಮಡಿಕೆ ಮೂಸಿದರೆ ಸಾಕು.

ತಲೆನೋವು ತಂದವುಗಳ ತಳದಲ್ಲಿ ಏನೇನಿದೆ ಎಂದು ಸಾಲಾಗಿ ಬರೆದು ನೋಡಿ. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಮೊದಲ ಅನುಮಾನ ಅದರ ಮೇಲಿರಲಿ.

ಪ್ರಶ್ನೆ: ಸುಗಂಧಸಾರ ಹೆಚ್ಚಿರುವ ಒ ದ ಪರ್ಫಮ್ ಹಾಕಿದರೂ ಒಂದೇ ಗಂಟೆಯಲ್ಲಿ ಪರಿಮಳ ಮಾಯ. ನಕಲಿಯೇ?

ಉತ್ತರ: ಮೊದಲು ಪಕ್ಕದವರನ್ನು ಕೇಳಿ. ಒಂದೇ ವಾಸನೆ ಸತತವಾಗಿ ಬಂದರೆ ಮೂಗು ಅದನ್ನು ಲೆಕ್ಕಕ್ಕಿಡುವುದಿಲ್ಲ. ಕೆಲವು ಮಸ್ಕ್‌ಗಳಂತೂ ಕೆಲವರ ಮೂಗಿಗೆ ತಿಳಿಯುವುದೇ ಇಲ್ಲ. ಪಕ್ಕದವರಿಗೂ ವಾಸನೆ ಬಾರದಿದ್ದರೆ ಚರ್ಮ ಒಣಗಿರಬಹುದು. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಒಂದು ಗೇಣು ದೂರದಿಂದ ಎರಡು ಮೂರು ಸಲ ಸಿಂಪಡಿಸಿ. ಒ ದ ತ್ವಾಲೆಟ್‌ನಲ್ಲಿ ಸಾಮಾನ್ಯವಾಗಿ 5ರಿಂದ 15, ಒ ದ ಪರ್ಫಮ್‌ನಲ್ಲಿ 15ರಿಂದ 20 ಶೇಕಡಾ ಸುಗಂಧಸಾರ ಇರುತ್ತದೆ ಎನ್ನುವುದೇನೋ ಸರಿ. ಆದರೆ ಬರೀ ನಿಂಬೆಯ ಒ ದ ಪರ್ಫಮ್‌ಗಿಂತ ಗಂಧದ ತಳವಿರುವ ಒ ದ ತ್ವಾಲೆಟ್ ಹೆಚ್ಚು ಹೊತ್ತು ನಿಲ್ಲಬಹುದು.

ಪ್ರಶ್ನೆ: ಬಾತ್‌ರೂಮಿನಲ್ಲಿಟ್ಟ ಹಳೆ ಬಾಟಲಿ ಹುಳಿ ವಾಸನೆ ಹೊಡೆಯುತ್ತಿದೆ.

ಉತ್ತರ: ಶಾಖ, ಬೆಳಕು, ಗಾಳಿ ಸೇರಿ ಕೆಡಿಸಿವೆ. ಮೊದಲು ಕೆಡುವುದು ನಿಂಬೆಜಾತಿಯ ಅಂಶಗಳೇ. ನಿಂಬೆಜಾತಿಯ ಸಿಪ್ಪೆಯೆಣ್ಣೆಯಲ್ಲಿರುವ ಲಿಮೊನೀನ್ ಗಾಳಿ ತಾಗಿ ಆಕ್ಸಿಡೀಕರಣಗೊಂಡರೆ ಚರ್ಮಕ್ಕೆ ಅಲರ್ಜಿ ತರಬಲ್ಲದು, ಮೈಗೆ ಹಾಕಬೇಡಿ. ಹೊಸದನ್ನು ಅದರ ಡಬ್ಬಿಯಲ್ಲೇ, ಕಪಾಟಿನೊಳಗೆ ಇಡಿ.